ಇಸಿಖೋಸಾ ಕಲಿಯೋಕೆ ಕ್ಲಿಕ್‌ನಿಂದ ಶುರು ಮಾಡಬೇಡಿ

ದಕ್ಷಿಣ ಆಫ್ರಿಕಾದ ಇಸಿಖೋಸಾ ಭಾಷೆ ಅಂದ ಕೂಡಲೇ ಎಲ್ಲರೂ ನಾಲಿಗೆಯ ಆ ‘ಟಕ್’ ಶಬ್ದದ, ಅಂದರೆ ಕ್ಲಿಕ್‌ನ ವಿಷಯವನ್ನೇ ಎತ್ತುತ್ತಾರೆ. ಕಲಿಯಲು ಕೂತವರೂ ಮೊದಲ ದಿನಗಳನ್ನೆಲ್ಲ ಅದಕ್ಕೇ ಸುರಿದು, ಒಂದು ವಾಕ್ಯವೂ ಬಾರದೆ ಕೈಬಿಡುತ್ತಾರೆ. ನನ್ನ ಮಟ್ಟಿಗೆ ಈ ಕ್ರಮವೇ ತಪ್ಪು. ಕನ್ನಡಿಗರಿಗೆ ತೊಡಕಾಗುವುದು ಕ್ಲಿಕ್ ಅಲ್ಲ, ಪದದ ಮುಂಭಾಗ.

ಬಂದನು, ಬಂದಳು, ಬಂತು. ಯಾರು ಅನ್ನೋದು ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲಿ ತಿಳಿಯುತ್ತದೆ. ಅಲ್ಲಿ ಶುರುವಿನಲ್ಲೇ ತಿಳಿಯಬೇಕು. ನಾಮಪದಗಳು ಹತ್ತಕ್ಕೂ ಹೆಚ್ಚು ಗುಂಪುಗಳಲ್ಲಿವೆ. ಗುಂಪು ಬದಲಾದಂತೆ ಕ್ರಿಯಾಪದದ ಶುರುವಿನ ತುಣುಕೂ ಬದಲಾಗುತ್ತದೆ. ‘ಮಲಗು’ ಅನ್ನೋದಕ್ಕೆ ‘ಲಾಲ’. ಇಂಜ (ನಾಯಿ) ಇಯಲಾಲ. ಇಜಿಂಜ (ನಾಯಿಗಳು) ಜಿಯಲಾಲ. ಇಹಾಶೆ (ಕುದುರೆ) ಲಿಯಲಾಲ. ಅಬಾನ್ತು (ಜನ) ಬಯಲಾಲ. ‘ಎಲ್ಲಿ’ ಅಂತ ಕೇಳುವಾಗಲೂ ಇದೇ ಕಥೆ: ತಂದೆಗೆ ಉಪ್ಹಿ, ಬಸ್ಸಿಗೆ ಇಪ್ಹಿ, ಬ್ರೆಡ್ಡಿಗೆ ಸಿಪ್ಹಿ. ಹಾಗಾಗಿ ‘ನಾಯಿ ಅಂದ್ರೆ ಇಂಜ’ ಅಂತ ಪಟ್ಟಿ ಬಾಯಿಪಾಠ ಮಾಡಿದರೆ ಏನೂ ಗಿಟ್ಟುವುದಿಲ್ಲ. ಏಕವಚನ, ಬಹುವಚನ, ಎರಡಕ್ಕೂ ಒಂದೊಂದು ಕ್ರಿಯಾಪದ ಸೇರಿಸಿ ಒಟ್ಟಿಗೇ ಹೇಳಿಕೊಳ್ಳಿ. ದಿನಕ್ಕೆ ಐದು ನಾಮಪದ ಸಾಕು. ಕೊನೆಯಿಂದ ಎರಡನೇ ಸ್ವರವನ್ನು ಎಳೆಯಿರಿ, ಮಾತಿಗೆ ಅಲ್ಲಿನ ಲಯ ಬರುತ್ತದೆ.

ಎಲ್ಲರೂ ಎಡವುವ ಜಾಗ ನಡುವಿನ ‘ಯ’. ನ್ದಿಯಲಾಲ ಅಂದರೆ ಮಲಗುತ್ತೇನೆ. ಇಲ್ಲ ಅನ್ನುವಾಗ ಆ ‘ಯ’ ಬಿದ್ದುಹೋಗಿ ಕೊನೆಯ ಸ್ವರ ‘ಇ’ ಆಗುತ್ತದೆ: ಅನ್ದಿಲಾಲಿ. ಅನ್ದಿಯಲಾಲಿ ಅನ್ನಬಾರದು. ಕ್ರಿಯಾಪದದ ಬೆನ್ನಿಗೇ ಕರ್ಮಪದ ಬಂದರೂ ಸಾಮಾನ್ಯವಾಗಿ ‘ಯ’ ಇರುವುದಿಲ್ಲ. ಹೀಗಾಗಿ ‘ಕಲಿಯುತ್ತಿದ್ದೇನೆ’ ಅಂತಷ್ಟೇ ಹೇಳುವಾಗ ನ್ದಿಯಫುಂದ, ‘ಇಸಿಖೋಸಾ ಕಲಿಯುತ್ತಿದ್ದೇನೆ’ ಅನ್ನುವಾಗ ನ್ದಿಫುಂದ ಇಸಿಖೋಸಾ.

ಇನ್ನು ಕ್ಲಿಕ್‌ಗಳು. ರೋಮನ್ ಬರವಣಿಗೆಯಲ್ಲಿ ಸಿ, ಎಕ್ಸ್, ಕ್ಯೂ ಮೂರೂ ಕ್ಲಿಕ್‌ಗಳೇ. ಸಿ ಅಂದರೆ ಅಯ್ಯೋ ಪಾಪ ಅನ್ನುವಾಗ ನಾವು ಮಾಡುವ ‘ಚ್ಚು ಚ್ಚು’: ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ. ಎಕ್ಸ್‌ಗೆ ನಾಲಿಗೆಯ ಪಕ್ಕವನ್ನು ದವಡೆ ಹಲ್ಲಿನಿಂದ ಬಿಡಿಸಬೇಕು, ಎತ್ತು ಹೊಡೆಯುವವರ ಸದ್ದು. ಕ್ಯೂಗೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಥಟ್ಟನೆ ಕೆಳಗೆಳೆಯಬೇಕು. ಸದ್ದು ಮಾಡುವುದು ಮಕ್ಕಳಿಗೂ ಬರುತ್ತದೆ. ಅದಕ್ಕೆ ಸ್ವರ ಅಂಟಿಸುವಾಗಲೇ ಮಾತು ಒಡೆಯುವುದು: ಟಕ್, ಒಂದು ಕ್ಷಣ ಮೌನ, ಆಮೇಲೆ ‘ಆ’. ಕ್ಲಿಕ್‌ಗೆ ಮೊದಲೂ ಒಂದು ಸ್ವರ ಹಾಕಿ, ಇ-ಕ್ಲಿಕ್-ಇ, ಆ-ಕ್ಲಿಕ್-ಆ ಅಂತ ಒಂದೇ ಉಸಿರಲ್ಲಿ ದಿನಾ ಐದು ನಿಮಿಷ ಹೇಳಿ. ಒಂದರ ಬದಲು ಇನ್ನೊಂದು ಹಾಕಿದರೆ ಅರ್ಥ ಕೆಡುತ್ತದೆ. ಸಿ ಹಾಕಿ ಉಕು-ಚೇಲ ಅಂದರೆ ಕೇಳಿಕೊಳ್ಳುವುದು. ಅದೇ ಜಾಗಕ್ಕೆ ಎಕ್ಸ್ ಬಂದರೆ ಹೇಳುವುದು, ತಿಳಿಸುವುದು.

ಮಹಾಪ್ರಾಣ ನಮಗೆ ಸಿಕ್ಕಿರುವ ದೊಡ್ಡ ಅನುಕೂಲ. ‘ಮಾತಾಡು’ ಅನ್ನುವ ಥೇಥ, ‘ಮನೆ’ ಅನ್ನುವ ಇಖಾಯ, ಇವುಗಳ ಥ, ಖ ಇಂಗ್ಲಿಷಿನ ಅಭ್ಯಾಸದವರಿಗೆ ಗೊಂದಲ, ನಮಗೆ ಶಾಲೆಯಲ್ಲೇ ಕಲಿತದ್ದು. ಆಡುಮಾತಿನಲ್ಲಿ ಕಥೆಯನ್ನು ಕತೆ ಮಾಡುವ ರೂಢಿಯನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ.

ಕೇಪ್‌ಟೌನ್‌ನ ಲಾಂಗಾ, ಗುಗುಲೇಥು ಬಡಾವಣೆಗಳ ಕಡೆ ಹೋದರೆ ಅಂಗಡಿಯಲ್ಲಿ ನೇರವಾಗಿ ಬೆಲೆ ಕೇಳುವುದು ಒರಟುತನ. ಒಬ್ಬರಿದ್ದರೆ ಮೋಲೊ, ಹಲವರಿದ್ದರೆ ಮೊಲ್ವೇನಿ. ನಮ್ಮಲ್ಲಿಯಂತೆ ಹಿರಿಯರನ್ನು ಬರಿ ಹೆಸರಿನಿಂದ ಕರೆಯಬಾರದು: ಮೋಲೊ ತಾತ (ತಂದೆ), ಮೋಲೊ ಮಾಮ (ತಾಯಿ), ಓರಗೆಯವರಿಗೆ ಭೂತಿ (ಸಹೋದರ), ಸೀಸಿ (ಸಹೋದರಿ). ಉನ್ಜಾನಿ? ಹೇಗಿದ್ದೀರಿ. ನ್ದಿಪ್ಹಿಲೀಲೆ, ಚೆನ್ನಾಗಿದ್ದೇನೆ. ಇಷ್ಟಾದ ಮೇಲೆ ಯಿಮಲೀನಿ? ಎಷ್ಟು. ಉತ್ತರದ ಸಂಖ್ಯೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತದೆ, ಆದ್ದರಿಂದ ಇಸಿಖೋಸಾ ಎಣಿಕೆಯನ್ನು ಮುಂದಕ್ಕೆ ಹಾಕಿದರೂ ನಡೆಯುತ್ತದೆ.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಹುಡುಕುವಾಗ ಇಸಿಜುಲು ಪಾಠಗಳೂ ಜೊತೆಗೆ ಬರುತ್ತವೆ. ಎರಡೂ ಅಕ್ಕಪಕ್ಕದ ಭಾಷೆಗಳು, ಹೊಸಬರಿಗೆ ವ್ಯತ್ಯಾಸ ಕಾಣುವುದಿಲ್ಲ. ‘ನಾನು’ ಅನ್ನುವ ತುಣುಕು ‘ನ್ದಿ’ ಬದಲು ‘ನ್ಗಿ’ ಅಂತಲೋ, ನಮಸ್ಕಾರಕ್ಕೆ ಮೋಲೊ ಬದಲು ಸವುಬೋನ ಅಂತಲೋ ಕಂಡರೆ ಅದು ಜುಲು ಪಾಠ. ಮೊದಲ ಆರು ತಿಂಗಳು ಅದನ್ನು ಪಕ್ಕಕ್ಕಿಡಿ.