ಕಿವಿಯಲ್ಲಿ ಹಲ್ಲು

ಹಬ್ಬಕ್ಕೆ ಮಂಡ್ಯದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಜಗುಲಿ ಮೇಲೆ ಕೂತು ಹಾಡು ಕೇಳುತ್ತಿದ್ದೆ. ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ನನ್ನ ಕಿವಿಯನ್ನೇ ನೋಡಿದಳು.

"ಅದೇನ್ಲಾ ಅದು?"

"ಬ್ಲೂಟೂತ್ ಕಣಜ್ಜಿ."

"ಅಂಗಂದ್ರೆ?"

ಸುಮ್ನೆ ತಮಾಷೆಗೆ "ನೀಲಿ ಹಲ್ಲು" ಅಂದೆ.

"ಹಲ್ಲ ತಗಂಡೋಗಿ ಕಿವೀಲಿ ಯಾಕ್ಲಾ ಇಕ್ಕಂಡೆ?"

ಸರಿಯಾದ ಪ್ರಶ್ನೆ, ಅಲ್ವಾ? ವೈರಿಲ್ಲದೆ ರೇಡಿಯೋ ಅಲೆಯಲ್ಲಿ ಹಾಡು ಕಳಿಸೋದಕ್ಕೂ ಹಲ್ಲಿಗೂ ಏನು ನಂಟು?

ಆ ಹಲ್ಲು ಒಬ್ಬ ರಾಜನದು. 10ನೇ ಶತಮಾನದ ಡೆನ್ಮಾರ್ಕಿನ ಹರಾಲ್ಡ್. ಅವನ ಬಾಯಲ್ಲಿ ಸತ್ತು ಕಪ್ಪಾದ ಹಲ್ಲೊಂದಿತ್ತಂತೆ. ಅವರ ಹಳೆಯ ಭಾಷೆಯಲ್ಲಿ ನೀಲಿ ಅನ್ನೋ ಮಾತು ಕಪ್ಪಿಗೂ ಸಲ್ಲುತ್ತಿತ್ತು. ಹಾಗಾಗಿ ಅಡ್ಡಹೆಸರು ನೀಲಿಹಲ್ಲ. ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದೆ ಅಂತ ಯೆಲ್ಲಿಂಗ್ ಊರಲ್ಲಿ ಕಲ್ಲು ಕೆತ್ತಿಸಿದ, ಪಾಪ. ಜನ ನೆನಪಿಟ್ಟುಕೊಂಡದ್ದು ಹಲ್ಲನ್ನು. ನಮ್ಮೂರಲ್ಲೂ ಅಷ್ಟೇ. ಎಷ್ಟು ಎಕರೆ ಗದ್ದೆ ಮಾಡಿದರೂ ಉಬ್ಬಲ್ಲು ಇದ್ದವನು ಉಬ್ಬಲ್ಲನೇ.

1996ರಲ್ಲಿ ಇಂಟೆಲ್, ಎರಿಕ್ಸನ್, ನೋಕಿಯಾದವರು ಒಟ್ಟಿಗೆ ಕೂತರು. ಒಬ್ಬೊಬ್ಬರದೂ ಒಂದೊಂದು ದಾರಿ ಆಗೋದು ಬೇಡ, ವೈರಿಲ್ಲದೆ ಜೋಡಿಸೋಕೆ ಎಲ್ಲರಿಗೂ ಒಂದೇ ವಿಧಾನ ಇರಲಿ ಅನ್ನೋದು ಮಾತು. ಆಗ ಇಂಟೆಲ್‌ನ ಜಿಮ್ ಕಾರ್ಡಾಕ್ ಈ ರಾಜನ ಹೆಸರು ತೆಗೆದರು. ಅವನು ನಾಡುಗಳನ್ನು ಸೇರಿಸಿದ, ನಾವು ಫೋನು ಕಂಪ್ಯೂಟರ್ ಸೇರಿಸೋಣ. ಸದ್ಯಕ್ಕೆ ಇದಿರಲಿ, ಒಳ್ಳೆ ಹೆಸರು ಆಮೇಲೆ ಹುಡುಕೋಣ ಅಂತ.

ಹುಡುಕಿದರು ಕೂಡ. ರೇಡಿಯೋವೈರ್ ಅನ್ನೋ ಹೆಸರಿಗೆ ಟ್ರೇಡ್‌ಮಾರ್ಕ್ ತಪಾಸಣೆ ಹೊತ್ತಿಗೆ ಮುಗಿಯಲಿಲ್ಲ. ಪ್ಯಾನ್, ಅಂದ್ರೆ ಪರ್ಸನಲ್ ಏರಿಯಾ ನೆಟ್‌ವರ್ಕ್, ಅನ್ನೋ ಇನ್ನೊಂದು ಹೆಸರು ಆಗಲೇ ಇಂಟರ್ನೆಟ್ಟಿನ ತುಂಬಾ ಇತ್ತು. ಒಳ್ಳೇದೇ ಆಯ್ತು. ಪ್ಯಾನ್ ಗೆದ್ದಿದ್ದರೆ, ಕಿವಿಯಲ್ಲಿರೋದನ್ನ ಆಧಾರ್‌ಗೆ ಲಿಂಕ್ ಮಾಡಿಸಿದೆಯಾ ಅಂತ ನಮ್ಮವರು ಕೇಳೋರು.

ಸದ್ಯಕ್ಕೆ ಇಟ್ಟ ಹೆಸರೇ 1998ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಫೋನಿನಲ್ಲಿ ಕಾಣೋ ಆ ಗುರುತು ಕೂಡ ಹರಾಲ್ಡನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬೆಸೆದದ್ದು.

ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿದೆ. ಹೆಸರಿಡೋ ತನಕ ಇರಲಿ ಅಂತ ಪಾಪು ಅಂದಿದ್ದರಂತೆ. ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ. ಊರಿಗೆಲ್ಲ ಇನ್ನೂ ಪಾಪಣ್ಣ. ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. ಎಲೆ ಅಡಿಕೆ ಅಗಿಯುತ್ತಾ ಕೇಳಿದಳು. ಆಮೇಲೆ ಬಾಯಿ ಅಗಲಿಸಿ ತೋರಿಸಿದಳು.

"ನಂದು ಕೆಂಪಲ್ಲು ಕಣ್ಲಾ. ನನ್ನೆಸ್ರ ಯಾವುದಕ್ಕೂ ಮಡಗ್ನಿಲ್ವಲ್ಲ?"