ಕ್ರೂಕ್ ಸತ್ತಿದ್ದು, ಬೀನ್ಸ್ ಪಲ್ಯ ಸೀದಿದ್ದು

ಬೀನ್ಸ್ ಪಲ್ಯ ಸೀದರೆ ಮನೆಯವರು ನಾಲ್ಕು ಮಾತು ಅಂತಾರೆ, ಬಾಣಲೆ ಎರಡು ದಿನ ನೀರಲ್ಲಿ ನೆನೆಯುತ್ತೆ, ಅಲ್ಲಿಗೆ ಮುಗೀತು. ನನಗೆ ಮಾತ್ರ ಅದರಿಂದಾಗಿ ಒಂದು ಭಾನುವಾರ ಬೆಳಗ್ಗೆ ಏಳು ಜನರ ಮುಂದೆ ಮರ್ಯಾದೆ ಹೋಯಿತು. ಇದಕ್ಕೆ ಅರ್ಧ ಕಾರಣ ನಾನು, ಇನ್ನರ್ಧ ಚಾರ್ಲ್ಸ್ ಡಿಕನ್ಸ್.

ನಮ್ಮದು ಎಂಟು ಜನರ ಓದುಗರ ಗುಂಪು. ಭಾನುವಾರಕ್ಕೆ ಒಬ್ಬೊಬ್ಬರ ಮನೆ. ಪುಸ್ತಕದ ಬಗ್ಗೆ ಅರ್ಧ ಗಂಟೆ, ತಿಂಡಿಗೆ ಒಂದು ಗಂಟೆ. ಹೀಗೆ ಸುಖವಾಗಿ ನಡೀತಾ ಇತ್ತು. ಗುಂಪಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರಿದ್ದಾರೆ, ಅವರಿಗೆ ಒಂದು ದಿನ ನಮ್ಮ ಸುಖ ನೋಡಕ್ಕಾಗಲಿಲ್ಲ. ‘ಈ ಸಲ ಡಿಕನ್ಸನ ಕಾದಂಬರಿ ಬ್ಲೀಕ್ ಹೌಸ್ ಓದೋಣ’ ಅಂದರು. 67 ಅಧ್ಯಾಯ. ನಾನು ತರಿಸಿದ ಪ್ರತಿ ಎಷ್ಟು ದಪ್ಪ ಇತ್ತು ಅಂದ್ರೆ, ಗಾಳಿಗೆ ಬಡಿದುಕೊಳ್ಳೋ ನಮ್ಮ ಹಿಂದಿನ ಬಾಗಿಲಿಗೆ ಅಡ್ಡ ಇಡೋಕೆ ಇಷ್ಟು ದಿನಕ್ಕೆ ಸರಿಯಾದ ವಸ್ತು ಸಿಕ್ತು.

ಈ ಕಾದಂಬರಿ ಮೊದಲು ಪುಸ್ತಕವಾಗಿ ಬಂದಿದ್ದಲ್ಲವಂತೆ. 1852ರ ಮಾರ್ಚ್‌ನಿಂದ 1853ರ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ತೆಳು ಸಂಚಿಕೆ, 32 ಪುಟ, ಎರಡು ಚಿತ್ರ, ಬೆಲೆ ಒಂದು ಶಿಲಿಂಗ್. ಕೊನೆಯದು ಮಾತ್ರ ಜೋಡಿ ಸಂಚಿಕೆ. ‘ನಾವೂ ಹಾಗೇ ತಿಂಗಳಿಗೊಂದು ಓದಿದರೆ ಆ ಕಾಲದವರ ಥರ ಕಾದು ಓದಿದ ಹಾಗಾಗುತ್ತೆ’ ಅಂತ ಮೇಷ್ಟ್ರು ಹೇಳಿದರು. ಹತ್ತೊಂಬತ್ತು ತಿಂಗಳು! ಗುಂಪಿನ ಹಿರಿಯರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ‘ಅಷ್ಟರಲ್ಲಿ ನಾನಿರ್ತೀನೋ ಇಲ್ವೋ, ವಾರಕ್ಕೊಂದು ಮಾಡಿ’ ಅಂದರು. ಹಾಗೇ ಆಯಿತು.

ಮೊದಲ ವಾರ ನಾವು ಮಂಜು ದಾಟಲೇ ಇಲ್ಲ. ಕಾದಂಬರಿಯ ಮೊದಲ ವಾಕ್ಯ ಒಂದೇ ಪದ, ‘ಲಂಡನ್.’ ಆಮೇಲೆ ಕೆಸರು. ಕೆಸರಲ್ಲಿ ನಲವತ್ತು ಅಡಿಯ ಒಂದು ಡೈನೋಸಾರ್ ಹೋಬರ್ನ್ ಗುಡ್ಡ ಹತ್ತಿಕೊಂಡು ಬಂದರೂ ಆಶ್ಚರ್ಯವಿಲ್ಲ ಅಂತಾನೆ. ಆಮೇಲೆ ಮಂಜು, ನದಿ ಮೇಲೆ ಮಂಜು, ಕೆಳಗೆ ಮಂಜು, ಮುದುಕರ ಗಂಟಲಲ್ಲಿ ಮಂಜು, ಎಲ್ಲಕ್ಕಿಂತ ದಟ್ಟವಾಗಿ ಚಾನ್ಸರಿ ಅನ್ನೋ, ಆಸ್ತಿ-ಉಯಿಲು ವ್ಯಾಜ್ಯಗಳ ಕೋರ್ಟಿನ ಒಳಗೆ. ಮೇಷ್ಟ್ರು ಆ ಒಂದೂವರೆ ಪುಟಕ್ಕೆ ಒಂದೂವರೆ ಗಂಟೆ ತಗೊಂಡರು. ಇಡ್ಲಿ ಆರಿ ಕಲ್ಲಾಗಿತ್ತು. ಅಷ್ಟರಲ್ಲಿ ಗುಂಪಿನ ಸಾಫ್ಟ್‌ವೇರ್ ಹುಡುಗ ‘ನಂದು ಪೂರ್ತಿ ಮುಗೀತು ಸರ್, ಚೆನ್ನಾಗಿದೆ’ ಅಂದ. ನಮಗೆಲ್ಲ ಎದೆ ಧಸಕ್ ಅಂತು. ತೆಗೆದು ನೋಡಿದರೆ ಅವನು ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ತರಿಸಿದ್ದು ಶಾಲಾ ಮಕ್ಕಳಿಗೆ ಅಂತ ಕುಗ್ಗಿಸಿದ ಪ್ರತಿ, ಕೊನೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಕೂಡ ಇತ್ತು. ಅದನ್ನೂ ಪೆನ್ಸಿಲಲ್ಲಿ ತುಂಬಿದ್ದ, ಪಾಪ.

ಈಗ ನಮ್ಮ ಅತ್ತೆ ವಿಷಯಕ್ಕೆ ಬರಬೇಕು. ಅತ್ತೆ ಹಾಸನದ ಕಡೆಯವರು. ಇಂಗ್ಲಿಷ್ ಬರಲ್ಲ, ಆದರೆ ಧಾರಾವಾಹಿ ಅಂದ್ರೆ ಪ್ರಾಣ. ‘ಸುಧಾ’ದಲ್ಲಿ ಬರ್ತಿದ್ದ ಧಾರಾವಾಹಿಗಳ ಹಾಳೆ ಕತ್ತರಿಸಿ, ದಬ್ಬಣದಲ್ಲಿ ಹೊಲಿದು ಪುಸ್ತಕ ಮಾಡಿಟ್ಟವರು. ಅದಕ್ಕಿಂತ ಮುಖ್ಯ ಅಂದ್ರೆ, ಅವರದ್ದೇ ಒಂದು ಕೇಸಿದೆ. ನಾಲ್ಕು ಎಕರೆ ಕಾಫಿ ತೋಟದ ಪಾಲಿಗೆ ಅಣ್ಣತಮ್ಮಂದಿರ ಮೇಲೆ ಹಾಕಿದ ದಾವೆ. ನನ್ನ ಗಂಡ ಒಂಬತ್ತನೇ ಕ್ಲಾಸಲ್ಲಿದ್ದಾಗ ಶುರುವಾಗಿದ್ದು. ಈಗ ನಮ್ಮ ಮಗಳು ಒಂಬತ್ತನೇ ಕ್ಲಾಸು.

‘ಏನೇ ಅದು ಅಷ್ಟು ದಪ್ಪ, ಏನ್ ಕತೆ?’ ಅಂದರು ಒಂದು ಸಂಜೆ, ಸೊಪ್ಪು ಬಿಡಿಸ್ತಾ.

‘ಒಂದು ಆಸ್ತಿ ಕೇಸು ಅತ್ತೆ. ಜಾರ್ಂಡಿಸ್ ಅನ್ನೋರ ಮನೇದು. ಎಷ್ಟು ವರ್ಷ ಆಯ್ತು, ಏನು ವಿಷಯ ಅಂತ ಈಗ ಯಾರಿಗೂ ನೆನಪೇ ಇಲ್ಲ.’

ಸೊಪ್ಪು ಕೆಳಗಿಟ್ಟರು. ‘ಹೇಳು.’

ಅವತ್ತಿಂದ ದಿನಾ ಸಂಜೆ ವರದಿ ಒಪ್ಪಿಸೋದು ನನ್ನ ಪಾಲಿಗೆ ಬಂತು. ಆ ಹೆಸರುಗಳು ಬಾಯಿಗೆ ತಿರುಗಲ್ಲ ಅಂತ ಅತ್ತೆ ಎಲ್ಲರಿಗೂ ಮರುನಾಮಕರಣ ಮಾಡಿದರು. ಸೊಂಟದಲ್ಲಿ ಸದಾ ಗೊಂಚಲು ಝಣಗುಟ್ಟಿಸೋ ಎಸ್ತರ್ ‘ಬೀಗದಕೈ ಹುಡುಗಿ’. ಎಲ್ಲಿ ಹೋದರೂ ಬೇಜಾರು ಅನ್ನೋ ಲೇಡಿ ಡೆಡ್‌ಲಾಕ್ ‘ಬೇಜಾರಮ್ಮ’. ಮನಸ್ಸಿಗೆ ನೋವಾದಾಗೆಲ್ಲ ‘ಮೂಡಗಾಳಿ ಬೀಸ್ತಿದೆ’ ಅಂತ ನೆಪ ಹೇಳೋ ಜಾರ್ಂಡಿಸ್ ‘ಮೂಡಗಾಳಿ ಯಜಮಾನ’. ಮಿಸೆಸ್ ಜೆಲ್ಲಿಬಿ ಮೇಲೆ ಮಾತ್ರ ವಿಪರೀತ ಸಿಟ್ಟು. ಆಕೆ ಹಗಲೂ ರಾತ್ರಿ ಆಫ್ರಿಕಾದಲ್ಲಿ, ನೈಜರ್ ನದಿ ಎಡದಂಡೆಯಲ್ಲಿ ಕಾಫಿ ಬೆಳೆಸೋ ಯೋಜನೆಗೆ ಕಾಗದ ಬರೀತಾ ಕೂತಿರ್ತಾಳೆ, ಇತ್ತ ಮನೆಯಲ್ಲಿ ಒಂದು ಮಗುವಿನ ತಲೆ ಕಬ್ಬಿಣದ ಕಂಬಿಗೆ ಸಿಕ್ಕಿಕೊಂಡಿದ್ದರೆ ಇನ್ನೊಂದು ಮೆಟ್ಟಿಲಿಂದ ಉರುಳ್ತಿರುತ್ತೆ. ‘ಮಕ್ಕಳ ಮೂಗು ಒರೆಸಕ್ಕೆ ಆಗದೋಳು ಕಾಫಿ ಗಿಡ ಕಸಿ ಮಾಡ್ತಾಳಾ? ನೆರಳಿಗೆ ಏನ್ ಮರ ಹಾಕ್ತಾಳಂತೆ, ಕೇಳು’ ಅಂದರು. ಈ ಪ್ರಶ್ನೆಯನ್ನು ನಾನು ಭಾನುವಾರ ಗುಂಪಲ್ಲಿ ನನ್ನದೇ ಅನ್ನೋ ಥರ ಕೇಳಿದೆ. ಮೇಷ್ಟ್ರು ಬಹಳ ಮೆಚ್ಚಿಕೊಂಡರು.

ಆಮೇಲೆ ಆಫೀಸಲ್ಲಿ ವರ್ಷದ ಕೊನೆಯ ಲೆಕ್ಕ ಶುರುವಾಯಿತು. ಓದೋಕೆ ಪುರುಸೊತ್ತಿಲ್ಲ. ಫೋನಿಗೆ ಆಡಿಯೋ ಹಾಕಿಕೊಂಡು, ಅಡುಗೆ ಮಾಡ್ತಾ ಕೇಳೋಕೆ ಹಿಡಿದೆ. ಅದೂ ಒಂದೂವರೆ ಪಟ್ಟು ವೇಗದಲ್ಲಿ. ಲಂಡನ್ನಿನ ವಕೀಲರೆಲ್ಲ ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಮಾತಾಡ್ತಿದ್ದರು.

ಹತ್ತನೇ ವಾರ, 32ನೇ ಅಧ್ಯಾಯ. ಕ್ರೂಕ್ ಅಂತ ಒಬ್ಬ ಮುದುಕ ಇದ್ದಾನೆ, ಚಿಂದಿ, ಬಾಟಲಿ, ಮೂಳೆ, ಹಳೇ ಕಾಗದ ಎಲ್ಲ ಗುಡ್ಡೆ ಹಾಕಿಕೊಂಡ ಗುಜರಿ ಅಂಗಡಿಯವನು. ಓದೋಕೆ ಬರಲ್ಲ, ಜಿನ್ ಕುಡಿಯೋದೇ ಕೆಲಸ. ರಾತ್ರಿ ಹನ್ನೆರಡಕ್ಕೆ ಒಂದು ಕಾಗದದ ಕಟ್ಟು ಕೊಡ್ತೀನಿ ಅಂದಿದ್ದಾನೆ. ಮೇಲಿನ ಕೋಣೆಯಲ್ಲಿ ಇಬ್ಬರು ಕಾಯ್ತಾ ಕೂತಿದ್ದಾರೆ. ಎಲ್ಲೋ ಮಾಂಸ ಸೀದ ವಾಸನೆ. ಮಸಿ ಉದುರುತ್ತೆ. ಕಿಟಕಿ ಕಟ್ಟೆ ಮೇಲೆ ಕೈಯಿಟ್ಟರೆ ಹಳದಿ ಜಿಡ್ಡು. ನಾನು ಬಟ್ಟೆ ಮಡಿಸ್ತಾ ಕೇಳ್ತಿದ್ದೇನೆ, ನಿಜಕ್ಕೂ ಮೂಗಿಗೆ ಸೀದ ವಾಸನೆ ಬರ್ತಿದೆ. ಎಂಥಾ ಬರವಣಿಗೆ ಅಂತೀನಿ! ವಾಸನೆ ಕೂಡ ಬರೋ ಹಾಗೆ ಬರೆದಿದ್ದಾನಲ್ಲ ಅಂತ ಕಣ್ಣು ಮುಚ್ಚಿ ಒಂದು ನಿಮಿಷ ಅನುಭವಿಸಿದೆ.

‘ಏನೇ ಹೊಗೆ!’ ಅಂತ ಅತ್ತೆ ಕೂಗಿದಾಗಲೇ ಒಲೆ ನೆನಪಾಗಿದ್ದು. ಓಡಿದೆ. ಗ್ಯಾಸ್ ಆರಿಸಿ, ಬಾಣಲೆ ಸಿಂಕಿಗೆ ಹಾಕಿ, ಕಿಟಕಿ ತೆಗೆದು, ಅತ್ತೆ ಹತ್ತಿರ ಬೈಸಿಕೊಂಡು ವಾಪಸ್ ಬರೋ ಹೊತ್ತಿಗೆ ಆಡಿಯೋ ಎಲ್ಲೋ ಮುಂದೆ ಹೋಗಿ ನಿಂತಿತ್ತು. ಸರಿ, ಕಾಗದ ತಗೊಂಡು ಹೋಗಿರ್ತಾರೆ ಅಂದುಕೊಂಡು ಸುಮ್ಮನಾದೆ.

ಭಾನುವಾರ ನನಗೇ ಮೊದಲು ಮಾತಾಡೋ ಉಮೇದು. ‘ನಂಗನ್ನಿಸುತ್ತೆ, ಮುಂದೆ ಕಥೆಯಲ್ಲಿ ಕ್ರೂಕ್ ದೊಡ್ಡ ಪಾತ್ರ ವಹಿಸ್ತಾನೆ. ಅವನು ಓದೋಕೆ ಕಲಿತ ಮೇಲೆ ನೋಡಿ, ಆ ಕಾಗದಗಳನ್ನೆಲ್ಲ ಇಟ್ಕೊಂಡು ಎಲ್ಲರನ್ನೂ ಆಟ ಆಡಿಸ್ತಾನೆ. ಬಹುಶಃ ಮದುವೆನೂ ಆಗಬಹುದು’ ಅಂತ ಐದು ನಿಮಿಷ ಬಿಡದೆ ಹೇಳಿದೆ. ಯಾರೂ ಉಸಿರೆತ್ತಲಿಲ್ಲ. ನನ್ನ ಒಳನೋಟಕ್ಕೆ ದಂಗಾಗಿದ್ದಾರೆ ಅಂದುಕೊಂಡೆ.

ಕೊನೆಗೆ ಆ ಸಾಫ್ಟ್‌ವೇರ್ ಹುಡುಗನೇ ಮೆಲ್ಲಗೆ ‘ಆಂಟಿ, ಕ್ರೂಕ್ ಸುಟ್ಟುಹೋದನಲ್ಲ’ ಅಂದ. ‘ತಾನೇ ಹೊತ್ತಿಕೊಂಡು. ನನ್ನ ಪುಸ್ತಕದಲ್ಲೂ ಇದೆ.’

ಆ ಜಿಡ್ಡು, ಆ ಮಸಿ, ಆ ವಾಸನೆ ಎಲ್ಲಾ ಕ್ರೂಕೇ! ಕುಡಿದೂ ಕುಡಿದೂ ದೇಹವೇ ತನ್ನಷ್ಟಕ್ಕೆ ಹೊತ್ತಿಕೊಂಡು ಉರಿದು ಹೋಗಿದ್ದ. ಉಳಿದಿದ್ದು ಒಂದು ಕರಕಲು ಕೊರಡಿನಂಥದ್ದು, ನಮ್ಮನೆ ಪಲ್ಯದ ಹಾಗೆ. ಹಾಗೆಲ್ಲ ಆಗೋಕೆ ಸಾಧ್ಯವೇ ಇಲ್ಲ ಅಂತ ಆ ಕಾಲದಲ್ಲೇ ಜಾರ್ಜ್ ಹೆನ್ರಿ ಲೂಯಿಸ್ ಅನ್ನೋ ವಿಮರ್ಶಕ ಜಗಳ ತೆಗೆದಿದ್ದನಂತೆ. ಡಿಕನ್ಸ್ ಬಿಡಲಿಲ್ಲ. ಇಂಥ ಸುಮಾರು ಮೂವತ್ತು ಪ್ರಕರಣ ದಾಖಲಾಗಿವೆ ಅಂತ ಮುನ್ನುಡಿಯಲ್ಲೇ ಹಠ ಹಿಡಿದ, 1731ರಲ್ಲಿ ವೆರೋನಾದಲ್ಲಿ ಅಚ್ಚಾದ ಒಬ್ಬ ಇಟಲಿ ಕೌಂಟೆಸ್‌ಳ ವರದಿಯನ್ನೂ ಸಾಕ್ಷಿಗೆ ತಂದ. ತಪ್ಪು ಒಪ್ಪಿಕೊಳ್ಳದ ಈ ಗುಣ ನನಗೆ ಬಹಳ ಹಿಡಿಸಿತು. ನಾನೂ ‘ಅಲ್ಲ, ನಾನು ಹೇಳಿದ್ದು ಸಾಂಕೇತಿಕವಾಗಿ’ ಅಂದೆ. ಯಾರೂ ನಂಬಲಿಲ್ಲ.

ನಮ್ಮಲ್ಲಿ ಈ ಕಾದಂಬರಿಯನ್ನು ನಿಜವಾಗಿ ಸವಿದವರು ಶಿರಸ್ತೇದಾರರೊಬ್ಬರೇ ಅನ್ನಿಸುತ್ತೆ. ಇಡೀ ರಹಸ್ಯ ಬಿಚ್ಚಿಕೊಳ್ಳೋದು ಒಂದು ಅಫಿಡವಿಟ್ಟಿನ ಕೈಬರಹ ನೋಡಿ ಲೇಡಿ ಡೆಡ್‌ಲಾಕ್ ಬೆಚ್ಚಿದಾಗ. ಅದನ್ನು ನಕಲು ಮಾಡಿದವನು ಒಬ್ಬ ಅನಾಮಿಕ ಬರಹಗಾರ, ಕ್ರೂಕನ ಮನೆ ಮಾಳಿಗೆಯಲ್ಲಿ ಬಾಡಿಗೆಗಿದ್ದವನು. ‘ನೋಡಿ, ನಕಲು ವಿಭಾಗದೋರಿಗೂ ಒಂದು ಕಥೆ ಇರುತ್ತೆ ಅಂತ ಒಬ್ಬನಾದ್ರೂ ಬರೆದ’ ಅಂತ ಕನ್ನಡಕ ತೆಗೆದು ಒರೆಸಿಕೊಂಡರು. ಡಿಕನ್ಸ್‌ಗೆ ಈ ಕೋರ್ಟಿನ ಮೇಲೆ ಯಾಕಷ್ಟು ಕೋಪ ಅಂತಲೂ ಅವರೇ ಹುಡುಕಿಕೊಂಡು ಬಂದರು. 1844ರಲ್ಲಿ ಅವನ ಕ್ರಿಸ್‌ಮಸ್ ಕಥೆಯನ್ನು ಕದ್ದು ಅಚ್ಚು ಹಾಕಿದವರ ಮೇಲೆ ಚಾನ್ಸರಿಯಲ್ಲಿ ದಾವೆ ಹೂಡಿ ಗೆದ್ದಿದ್ದ. ಕದ್ದವರು ದಿವಾಳಿ ಎದ್ದರು, ಗೆದ್ದವನ ತಲೆಗೇ ಸುಮಾರು 700 ಪೌಂಡ್ ಖರ್ಚು ಬಂತು.

ಕೊನೆಯ ಸಂಚಿಕೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೇಸು ಮುಗಿಯುತ್ತೆ. ತೀರ್ಪಿನಿಂದಲ್ಲ. ಇಡೀ ಆಸ್ತಿ ಕೋರ್ಟು ಖರ್ಚಿಗೇ ಕರಗಿ ಹೋಗಿರುತ್ತೆ, ಹಂಚೋಕೆ ಏನೂ ಉಳಿದಿರಲ್ಲ. ವಕೀಲರು ನಗ್ತಾ ಹೊರಗೆ ಬರ್ತಾರೆ, ಅವರ ಹಿಂದೆ ಕಾಗದದ ಮೂಟೆಗಳು. ಇದನ್ನು ಅತ್ತೆಗೆ ಹೇಗೆ ಹೇಳೋದು? ಅವರ ವಾಯಿದೆ ಇರೋದು ಮುಂದಿನ ಮಂಗಳವಾರ.

‘ಕೇಸು ಏನಾಯ್ತೇ?’ ಅಂದರು ಬೆಳಗ್ಗೆ.

‘ಮುಂದಕ್ಕೆ ಹಾಕಿದ್ದಾರೆ ಅತ್ತೆ.’

‘ಹೂಂ’ ಅಂದರು, ಅಷ್ಟೇ.

ಕೊನೆಯ ಭಾನುವಾರ ನಮ್ಮ ಮನೆಯಲ್ಲೇ. ಬರೋ ಮೊದಲೇ ಎಲ್ಲರಿಗೂ ವಾಟ್ಸಾಪ್ ಮಾಡಿದ್ದೆ, ಅತ್ತೆ ಮುಂದೆ ಕೇಸಿನ ಸುದ್ದಿ ಎತ್ತಬೇಡಿ ಅಂತ. ಶಿರಸ್ತೇದಾರರು ವಾಟ್ಸಾಪ್ ನೋಡೋದು ರಾತ್ರಿ ಮಾತ್ರ. ಅಕ್ಕಿರೊಟ್ಟಿ ತಟ್ಟೆ ಕೈಗೆ ಕೊಟ್ಟಿದ್ದೇ ತಡ, ‘ಏನಮ್ಮ, ಕೊನೇಲಿ ಪೂರ್ತಿ ಆಸ್ತಿ ಖರ್ಚಿಗೇ ಹೋಯ್ತಲ್ಲ, ಕೇಳಿದ್ರಾ?’ ಅಂತ ಅತ್ತೆ ಹತ್ತಿರ ಶುರು ಹಚ್ಚಿಕೊಂಡರು. ನಾನು ಅಡುಗೆಮನೆ ಬಾಗಿಲಲ್ಲಿ ಚಟ್ನಿ ಪಾತ್ರೆ ಹಿಡಿದು ಅಲ್ಲೇ ನಿಂತೆ.

ಅತ್ತೆ ನನ್ನ ಕಡೆ ಒಂದು ಸಲ ನೋಡಿದರು.

‘ಅದು ನಂಗೆ ಆವಾಗ್ಲೇ ಗೊತ್ತಿತ್ತು ಬಿಡಿ’ ಅಂದರು. ‘ನಮ್ಮ ವಕೀಲರ ಮನೆ ಎರಡನೇ ಮಹಡಿ ಏಳ್ತಾ ಇದೆ. ಆ ಚಟ್ನಿ ತಗೊಂಬಾರೆ, ರೊಟ್ಟಿ ಆರ್ತಿದೆ.’