ಹಿಂದೆ ನಿಂತವನ ತಂಡ

ನ್ಯೂಜೆರ್ಸಿಯ ನಮ್ಮ ಊರಿನ ದೇವಸ್ಥಾನದ ಸಭಾಂಗಣದಲ್ಲಿ ಕಛೇರಿ ನಡೆದಾಗಲೆಲ್ಲ, ಮುಖ್ಯ ಕೃತಿಯ ಸ್ವರಪ್ರಸ್ತಾರ ಮುಗಿದು ಗಾಯಕರು ಮೃದಂಗದವರತ್ತ ಕೈ ತೋರಿಸಿದ ಕೂಡಲೇ ಹಿಂದಿನ ಸಾಲುಗಳಲ್ಲಿ ಮಡಚುವ ಕುರ್ಚಿಗಳು ಕಿರುಗುಟ್ಟತೊಡಗುತ್ತವೆ. ಮೃದಂಗದವರು ತಾವೇ ನುಡಿಸುವ ತನಿ ಆವರ್ತನವೆಂದರೆ ಕಾಫಿಯ ವೇಳೆ ಎಂಬುದು ಊರಿನಿಂದ ಉಪ್ಪಿನಕಾಯಿಯ ಜೊತೆಗೇ ನಾವು ಕಟ್ಟಿಕೊಂಡು ಬಂದ ರೂಢಿ. ನ್ಯೂಯಾರ್ಕಿನ ಜಾಝ್ ಕ್ಲಬ್ಬುಗಳಿಗೆ ಹೋಗತೊಡಗಿದ ಮೇಲೆ ಅಲ್ಲಿಯೂ ಇದೇ ಪಾಡೆಂದು ತಿಳಿಯಿತು: ಟ್ರಂಪೆಟ್ಟಿಗೂ ಸ್ಯಾಕ್ಸೊಫೋನಿಗೂ ಕಿವಿಗೊಟ್ಟವರು ಬೇಸ್ ಎಂಬ ದೊಡ್ಡ ತಂತಿವಾದ್ಯ ನುಡಿಸುವವನ ಸರದಿ ಬಂತೆಂದರೆ ಪಕ್ಕದವರೊಡನೆ ಮಾತಿಗಿಳಿಯುತ್ತಾರೆ, ಮತ್ತು ಇದರ ಬಗ್ಗೆ ವಾದಕರ ನಡುವೆಯೇ ಹಳೆಯ ನಗೆಹನಿಗಳಿವೆ. ಪಕ್ಕವಾದ್ಯದವರನ್ನು ಕಡೆಗಣಿಸುವುದು ನಮ್ಮೊಬ್ಬರದೇ ದೋಷವಲ್ಲ ಎಂದು ನನಗೆ ಸಮಾಧಾನವಾದದ್ದು ನಿಜ. ಆ ಸಮಾಧಾನವನ್ನು ಕೆಡಿಸಿದವನು ಅಮೆರಿಕದ ಜಾಝ್ ಬೇಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್.

ಮಿಂಗಸ್ ಹುಟ್ಟಿದ್ದು 1922ರ ಏಪ್ರಿಲ್ 22ರಂದು, ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಅರಿಝೋನಾದ ನೊಗಾಲೆಸ್ ಎಂಬ ಊರಿನಲ್ಲಿ. ಬೆಳೆದದ್ದು ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ. ಹುಡುಗನ ಕೈಯಲ್ಲಿ ಮೊದಲು ಟ್ರಾಂಬೋನ್ ಇತ್ತು, ಆಮೇಲೆ ಚೆಲ್ಲೊ. ಆದರೆ ಕರಿಯ ಹುಡುಗನೊಬ್ಬ ಎಷ್ಟೇ ಚೆನ್ನಾಗಿ ಚೆಲ್ಲೊ ನುಡಿಸಿದರೂ ಆ ಕಾಲದ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದಗಳಲ್ಲಿ ಅವನಿಗೆ ಕುರ್ಚಿ ಸಿಗುವಂತಿರಲಿಲ್ಲವಾದ್ದರಿಂದ, ಗೆಳೆಯ ಬಡಿ ಕಾಲೆಟ್‌ನ ಮಾತಿನಂತೆ ಅವನು ಬೇಸ್ ಹಿಡಿದ. ಮೊದಲು ಬೇಸ್ ವಾದಕ ರೆಡ್ ಕ್ಯಾಲೆಂಡರ್ ಬಳಿ, ಆಮೇಲೆ ನ್ಯೂಯಾರ್ಕ್ ಫಿಲ್ಹಾರ್ಮಾನಿಕ್‌ನಲ್ಲಿ ನುಡಿಸಿದ್ದ ಹರ್ಮನ್ ರೈನ್‌ಶಾಗನ್ ಬಳಿ ವರ್ಷಗಟ್ಟಲೆ ಪಾಠವಾಯಿತು. ಲೂಯಿ ಆರ್ಮ್‌ಸ್ಟ್ರಾಂಗ್, ಲಯನಲ್ ಹ್ಯಾಂಪ್ಟನ್ ತಂಡಗಳಲ್ಲಿ ನುಡಿಸಿದ್ದಾಯಿತು. ಆರಾಧ್ಯನಾಗಿದ್ದ ಡ್ಯೂಕ್ ಎಲಿಂಗ್ಟನ್‌ನ ತಂಡಕ್ಕೆ 1953ರಲ್ಲಿ ಸೇರಿ, ಸಹವಾದಕನೊಬ್ಬನ ಜೊತೆ ಜಗಳವಾಡಿ ಕೆಲವೇ ದಿನಗಳಲ್ಲಿ ಹೊರಬಿದ್ದದ್ದೂ ಆಯಿತು.

ಬೇಸ್ ಎಂಬುದು ಆಳೆತ್ತರದ, ನಾಲ್ಕು ದಪ್ಪ ತಂತಿಗಳ ವಾದ್ಯ. ಜಾಝ್‌ನಲ್ಲಿ ಅದನ್ನು ಬಹುತೇಕ ಬೆರಳಿನಿಂದಲೇ ಮೀಟುತ್ತಾರೆ. ನಮ್ಮಲ್ಲಿ ತಂಬೂರಿಯೂ ಮೃದಂಗವೂ ಹಂಚಿಕೊಂಡ ಕೆಲಸದ ಬಹುಪಾಲನ್ನು ಅಲ್ಲಿ ಅದೊಂದೇ ಹೊರುತ್ತದೆ ಎಂದು ನಾನು ಮೊದಮೊದಲು ಭಾವಿಸಿದ್ದೆ. ಆದರೆ ತಂಬೂರಿಯ ಷಡ್ಜ ಕದಲುವುದಿಲ್ಲ, ಬೇಸ್‌ನ ಸ್ವರ ಪ್ರತಿ ಪೆಟ್ಟಿಗೂ ನಡೆಯುತ್ತದೆ. ಕೆಳಗಿನ ಆ ಒಂದು ಸ್ವರ ಸರಿದರೆ ಮೇಲೆ ಸ್ಯಾಕ್ಸೊಫೋನ್ ಹಿಡಿದಿರುವ ಅದೇ ಸ್ವರದ ಬಣ್ಣ ಬೇರೆಯಾಗುತ್ತದೆ. ಹಿಂದೆ ನಿಂತವನಿಗೆ ಇಷ್ಟು ಅಧಿಕಾರವಿದೆಯೆಂದು ಮಿಂಗಸ್‌ಗೆ ಗೊತ್ತಿತ್ತು. ತಾಳದ ವೇಗ ಇದ್ದಕ್ಕಿದ್ದಂತೆ ಇಮ್ಮಡಿಯಾಗುವುದು, ಮತ್ತೆ ಇಳಿಯುವುದು, ನಡುವೆ ಅವನ ಕೂಗು, ಅದಕ್ಕೆ ಡ್ಯಾನಿ ರಿಚ್ಮಂಡ್‌ನ ಡ್ರಮ್ಮಿನ ಮರುನುಡಿ: ಇವೆಲ್ಲ ನಡೆಯುತ್ತಿದ್ದದ್ದು ಬೇಸ್ ಕೊಟ್ಟ ಸನ್ನೆಯ ಮೇಲೆ.

ಅವನು ಕಲಿಸುತ್ತಿದ್ದ ರೀತಿ ನನಗೆ ತೀರಾ ಪರಿಚಿತವೆನಿಸಿತು. 1956ರ ಹೊತ್ತಿಗೆ, ಬರೆದ ಸ್ವರಲಿಪಿಯಿಂದ ತನ್ನ ಸಂಗೀತ ಹುಟ್ಟದೆಂದು ತೀರ್ಮಾನಿಸಿ, ಪಿಯಾನೋ ಮುಂದೆ ಕುಳಿತು ಒಬ್ಬೊಬ್ಬರಿಗೂ ಅವರವರ ಭಾಗವನ್ನು ನುಡಿಸಿ, ಹಾಡಿ, ಕಿವಿಯಿಂದಲೇ ದಾಟಿಸತೊಡಗಿದ್ದ. ತಂಡಕ್ಕೆ ಜಾಝ್ ವರ್ಕ್‌ಶಾಪ್ ಎಂದೇ ಹೆಸರು. ಮೈಸೂರಿನ ನನ್ನ ಮೇಷ್ಟ್ರು ಕೃತಿಯ ಸಾಲಿನ ಸಂಗತಿ ನಾಲಿಗೆಗೆ ಹತ್ತುವವರೆಗೂ ಪುಸ್ತಕ ತೆರೆಯಲು ಬಿಡುತ್ತಿರಲಿಲ್ಲ. ವ್ಯತ್ಯಾಸ ಇರುವುದು ಆಮೇಲೆ: ಮೇಷ್ಟ್ರು ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಸಿದರೆ ನಮಗೆ ಶಹಬ್ಬಾಸ್ ಸಿಗುತ್ತಿತ್ತು, ಮಿಂಗಸ್‌ನೋ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಬಂದೂಕುಧಾರಿಯಾಗಿದ್ದರೆ ನಕಲುಗಾರರ ಹೆಣಗಳೇ ಬೀಳುತ್ತಿದ್ದವು ಎಂಬರ್ಥದ ಹೆಸರನ್ನೇ ಒಂದು ಕೃತಿಗೆ ಇಟ್ಟವನು.

ಅವನ ಕೋಪವನ್ನು ಮಾತ್ರ ನಾನು ಮೆಚ್ಚಲಾರೆ. 1962ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನ ದೊಡ್ಡ ಕಾರ್ಯಕ್ರಮಕ್ಕೆ ತಯಾರಿ ನಡೆದಿದ್ದಾಗ, ಟ್ರಾಂಬೋನ್ ವಾದಕ ಜಿಮ್ಮಿ ನೆಪ್ಪರ್‌ನ ಬಾಯಿಗೆ ಗುದ್ದಿ ಹಲ್ಲು ಮುರಿದ. ಊದುವವನಿಗೆ ಹಲ್ಲೆಂದರೆ ಮೃದಂಗದವನಿಗೆ ಬೆರಳಿದ್ದಂತೆ. ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಗುರುಗಳ ಏಟನ್ನು ಪ್ರಸಾದವೆಂದು ಬಣ್ಣಿಸುವ ನಮ್ಮವರಿಗೆ ಇದು ಇನ್ನೊಂದು ರೋಚಕ ಕಥೆಯಾಗಿ ಕೇಳಿಸಬಹುದು, ನನಗೆ ಹಾಗೆ ಕೇಳಿಸುವುದಿಲ್ಲ. ಆ ಕಾರ್ಯಕ್ರಮವೂ ಕೆಟ್ಟಿತು: ಸ್ವರಲಿಪಿಯ ಪ್ರತಿ ಬರೆಯುವವರು ವೇದಿಕೆಯ ಮೇಲೆಯೇ ಮೇಜು ಹಾಕಿಕೊಂಡು ವಾದಕರಿಗೆ ಬೇಕಾದ ಹಾಳೆಗಳನ್ನು ಇನ್ನೂ ಬರೆಯುತ್ತಿದ್ದರು. ಕಾಗದವನ್ನು ನಂಬದವನನ್ನು ಕಾಗದವೇ ಸೋಲಿಸಿತು. ಆದರೆ ಅವನು ಸತ್ತ ಮೇಲೆ ಪತ್ತೆಯಾದ ಹಸ್ತಪ್ರತಿಯಿಂದಲೇ, 1989ರಲ್ಲಿ, ಗುಂಥರ್ ಶುಲರ್ ನಿರ್ದೇಶನದಲ್ಲಿ 30 ವಾದಕರು ಟೌನ್ ಹಾಲ್‌ನಲ್ಲಿ ಅಂದು ಕೆಟ್ಟಿದ್ದ, ಎರಡು ಗಂಟೆಗೂ ಮೀರಿದ ಆ 'ಎಪಿಟಾಫ್' ಕೃತಿಯನ್ನು ನುಡಿಸಿದರು. ಗುರುಮುಖದ ಪಾಠವೊಂದೇ ಸಾಕೆಂದು ವಾದಿಸುವಾಗ ನನ್ನ ಧ್ವನಿ ತುಸು ಇಳಿಯುವುದು ಈ ಕಾರಣಕ್ಕೆ.

ಕೇಳುಗರ ವಿಷಯಕ್ಕೆ ಬರುತ್ತೇನೆ. 1960ರ ಒಂದು ಧ್ವನಿಮುದ್ರಣದ ಆರಂಭದಲ್ಲಿ ಮಿಂಗಸ್, ಸ್ಟುಡಿಯೋದಲ್ಲಿ ಒಬ್ಬ ಕೇಳುಗನೂ ಇಲ್ಲದಿದ್ದರೂ ಕ್ಲಬ್ಬಿನಲ್ಲಿರುವಂತೆ ಭಾವಿಸಿಕೊಂಡು, ಚಪ್ಪಾಳೆ ತಟ್ಟಬೇಡಿ, ಲೋಟದಲ್ಲಿ ಐಸ್ ಅಲುಗಾಡಿಸಬೇಡಿ ಎಂದು ಗಂಭೀರವಾಗಿ ಸೂಚನೆ ಕೊಡುತ್ತಾನೆ. ನಿಜವಾದ ಕ್ಲಬ್ಬುಗಳಲ್ಲಿ ಗದ್ದಲವಾದರೆ ನುಡಿಸುವುದನ್ನು ನಿಲ್ಲಿಸಿ ಬೈಯುತ್ತಿದ್ದ. ನಮ್ಮಲ್ಲಿ ಹಿಂದೆ ಕುಳಿತವರು ಮುಂದೆ ಬರಲಿಲ್ಲವೆಂದಲ್ಲ. ಮೈಕಿಲ್ಲದ ಸಭೆಯ ಕೊನೆಯ ಸಾಲಿಗೂ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಬಿಗಿದ ಚೌಡಯ್ಯನವರು 1957ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಪಡೆದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಅವರ ಹೆಸರಿನಲ್ಲಿದೆ. ಆದರೂ ನಮ್ಮ ಕರಪತ್ರಗಳಲ್ಲಿ ಪಕ್ಕವಾದ್ಯದವರ ಹೆಸರು ಗಾಯಕರ ಹೆಸರಿನ ಅರ್ಧ ಗಾತ್ರದಲ್ಲಿಯೇ ಅಚ್ಚಾಗುತ್ತದೆ. ಅದನ್ನು ಅಚ್ಚಿಗೆ ಕಳಿಸುವವನು ನಾನೇ ಆಗಿರುವುದರಿಂದ ಬೇರೆಯವರನ್ನು ದೂರುವಂತಿಲ್ಲ.

ಕೈಕಾಲುಗಳ ಶಕ್ತಿ ಕುಂದಿಸುವ ನರರೋಗ ಹಿಡಿದು, ಬೇಸ್ ಮೀಟಲಾಗದೆ, ಗಾಲಿಕುರ್ಚಿಯಿಂದ ಟೇಪ್ ರೆಕಾರ್ಡರಿಗೆ ರಾಗ ಗುನುಗಿ ಸಂಯೋಜಿಸುತ್ತಿದ್ದ ಮಿಂಗಸ್, 1979ರ ಜನವರಿ 5ರಂದು ಮೆಕ್ಸಿಕೋದ ಕುಯೆರ್ನವಾಕಾದಲ್ಲಿ, 56ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಬಯಕೆಯಂತೆ ಹೆಂಡತಿ ಸೂ ಚಿತಾಭಸ್ಮವನ್ನು ಭಾರತಕ್ಕೆ ಒಯ್ದು ಗಂಗೆಯಲ್ಲಿ ಬಿಟ್ಟರು.

ಮುಂದಿನ ಕಛೇರಿಯ ಕರಪತ್ರದಲ್ಲಿ ನಾಲ್ವರ ಹೆಸರನ್ನೂ ಒಂದೇ ಗಾತ್ರದಲ್ಲಿ ಇಟ್ಟಿದ್ದೇನೆ. ತನಿ ಮುಗಿಯುವವರೆಗೆ ಕಾಫಿಯ ಮೇಜನ್ನು ತೆರೆಯಬಾರದೆಂದು ಸಮಿತಿಗೂ ಬರೆದಿದ್ದೇನೆ. ಕರಪತ್ರಕ್ಕೆ ಒಪ್ಪಿಗೆ ಬಂದಿದೆ. ಕಾಫಿಯ ವಿಷಯ ಚರ್ಚೆಯಲ್ಲಿದೆಯಂತೆ.